ಚರಂಡಿಯ ಕೆಸರು: ಗೊಬ್ಬರವೋ, ವಿಷವೋ?



ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ನಿಮ್ಮಲ್ಲಿ ಕೆಲವರು ಅದನ್ನು ನೋಡಿರಬಹುದು. ಪರಿಷೆ ನಡೆಯುವ ದೊಡ್ಡ ಬಸವಣ್ಣನ ಗುಡಿಯ ಬಳಿ ಒಂದು ನದಿ ಹುಟ್ಟುತ್ತದೆ ಎಂಬುದು ನಿಮಗೆ ಗೊತ್ತೇ? ವೃಷಭ ಎಂದರೆ ಬಸವ. ಬಸವನ ಬಳಿ ಹುಟ್ಟಿದ ಆ ನದಿಯ ಹೆಸರು ವೃಷಭಾವತಿ. ಮಲ್ಲೇಶ್ವರದ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗೆ ನಂದಿ ತೀರ್ಥವಿದೆ. ಆ ಕಡೆಯಿಂದಲೂ ಇದೇ ನದಿಗೆ ಒಂದು ಕವಲು ಬರುತ್ತದೆ. ಚಾಮರಾಜಪೇಟೆಗೆ ಹತ್ತಿರದ ಗವಿಪುರದಲ್ಲಿ ಕೆಂಪಾಂಬುಧಿ ಕೆರೆಯಿದೆ. ಅದೂ ಇದೇ ನದಿಯ ಕಣಿವೆಗೆ ಸೇರಿದ್ದು.

ಮೈಸೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವಾಗ ಈ ನದಿ ರಸ್ತೆಯ ಪಕ್ಕದಲ್ಲೇ ಕಾಣಿಸುತ್ತದೆ. ಆದರೆ ಅದನ್ನು ಯಾರೂ ನದಿ ಎನ್ನುವುದಿಲ್ಲ. 'ದೊಡ್ಡ ಮೋರಿ' ಎನ್ನುತ್ತಾರೆ! ನೀರು ಕಪ್ಪಗಿದೆ. ವಾಸನೆಗೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ.

ಆ ಕಪ್ಪು ನೀರಿನಲ್ಲಿ, ಅದರ ತಳದ ಕೆಸರಿನಲ್ಲಿ ಏನೇನಿದೆ? ಅದನ್ನು ಗದ್ದೆಗೆ ಹಾಕಬಹುದೇ? ಹಾಕಬಾರದೇ? ಬನ್ನಿ, ತಿಳಿಯೋಣ.

ನೀರು ಬಂದ ದಾರಿ, ಹೋಗುವ ದಾರಿ

ಬೆಂಗಳೂರಿನ ಬಹಳಷ್ಟು ನಲ್ಲಿಗಳಲ್ಲಿ ಬರುವುದು ಕಾವೇರಿ ನೀರು. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಅದನ್ನು ಪಂಪು ಮಾಡಿ ತರುತ್ತಾರೆ. ನಾವು ಅದರಲ್ಲಿ ಸ್ನಾನ ಮಾಡುತ್ತೇವೆ, ಪಾತ್ರೆ ತೊಳೆಯುತ್ತೇವೆ, ಬಟ್ಟೆ ಒಗೆಯುತ್ತೇವೆ, ಕಕ್ಕಸಿಗೆ ಸುರಿಯುತ್ತೇವೆ. ಅನಂತರ ಅದು ಕೊಳಚೆ ನೀರಾಗಿ ರಸ್ತೆಯ ಕೆಳಗಿನ ಒಳಚರಂಡಿಯನ್ನು ಸೇರುತ್ತದೆ.

ನೀರು ಯಾವಾಗಲೂ ಇಳಿಜಾರಿನ ಕಡೆಗೇ ಹರಿಯುತ್ತದೆ. ಬಸವನಗುಡಿ, ಚಾಮರಾಜಪೇಟೆ ಮತ್ತು ಮಲ್ಲೇಶ್ವರದ ಪಶ್ಚಿಮಕ್ಕೆ ಇಳಿಯುವ ಬೀದಿಗಳ ಕೊಳಚೆ ವೃಷಭಾವತಿ ಕಣಿವೆಯ ಕಡೆಗೆ ಹೋಗುತ್ತದೆ. ವೃಷಭಾವತಿ ಕೆಂಗೇರಿಯನ್ನು ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿ ನದಿಯನ್ನು ಕೂಡುತ್ತದೆ. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಕಾವೇರಿಯಿಂದ ಬಂದ ನೀರು ಮತ್ತೆ ಕಾವೇರಿಗೇ ಹೋಯಿತು. ಆದರೆ ಬಂದ ಹಾಗೆ ಹೋಗಲಿಲ್ಲ, ಅಲ್ಲವೇ?

ಶುದ್ಧೀಕರಣ ಘಟಕದ ಒಳಗೆ

ಕೊಳಚೆ ನೀರಿನಲ್ಲಿ ಶೇಕಡ 99ಕ್ಕಿಂತಲೂ ಹೆಚ್ಚು ಭಾಗ ನೀರೇ ಇರುತ್ತದೆ. ಉಳಿದ ಸ್ವಲ್ಪವೇ ಕೊಳೆ. ಆ ಸ್ವಲ್ಪವನ್ನು ಬೇರ್ಪಡಿಸುವ ಕೆಲಸ ಶುದ್ಧೀಕರಣ ಘಟಕದ್ದು. ವೃಷಭಾವತಿ ಕಣಿವೆಯಲ್ಲಿ ಮೈಸೂರು ರಸ್ತೆಯ ಪಕ್ಕದಲ್ಲಿ ಬೆಂಗಳೂರು ಜಲಮಂಡಳಿಯ ಇಂಥ ದೊಡ್ಡ ಘಟಕವಿದೆ.

ಘಟಕಕ್ಕೆ ಬಂದ ನೀರು ಮೊದಲು ಕಬ್ಬಿಣದ ಸರಳುಗಳ ಜಾಲರಿಯ ಮೂಲಕ ಹಾಯುತ್ತದೆ. ಚಿಂದಿ, ಪ್ಲಾಸ್ಟಿಕ್ ಚೀಲ, ಕಡ್ಡಿಗಳು ಅಲ್ಲಿ ನಿಲ್ಲುತ್ತವೆ. ಅನಂತರ ಮರಳು ಬೇರೆಯಾಗುತ್ತದೆ. ಆಮೇಲೆ ದೊಡ್ಡ ತೊಟ್ಟಿಯಲ್ಲಿ ನೀರು ನಿಧಾನವಾಗಿ ನಿಂತು ಹರಿಯುವಾಗ ಭಾರವಾದ ಕೊಳೆ ತಳಕ್ಕೆ ಇಳಿಯುತ್ತದೆ.

ನೀರಿನಲ್ಲಿ ಕರಗಿದ ಕೊಳೆ ಇನ್ನೂ ಉಳಿದಿದೆ. ಅದನ್ನು ತಿನ್ನಲು ಸೂಕ್ಷ್ಮಜೀವಿಗಳನ್ನು ಬಳಸುತ್ತಾರೆ. ತೊಟ್ಟಿಗೆ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕ ಸಿಕ್ಕಾಗ ಬ್ಯಾಕ್ಟೀರಿಯಗಳು ಕೊಳೆಯನ್ನು ತಿಂದು ಬೆಳೆದು ಗುಂಪುಗೂಡುತ್ತವೆ. ಆ ಗುಂಪುಗಳೂ ತಳಕ್ಕೆ ಇಳಿಯುತ್ತವೆ. ಮೇಲಿನ ನೀರು ತಿಳಿಯಾಗುತ್ತದೆ.

ಈ ವಿಧಾನವನ್ನು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ತೋರಿಸಿಕೊಟ್ಟರು. ಅವರಿಗೆ ದಾರಿ ತೋರಿಸಿದ ವಿಜ್ಞಾನಿ ಗಿಲ್ಬರ್ಟ್ ಫೌಲರ್. ಕೆಲವೇ ವರ್ಷಗಳಲ್ಲಿ ಅವರು ಬೆಂಗಳೂರಿಗೇ ಬಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಈ ಸಂಸ್ಥೆಯನ್ನು ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎಂದೂ ಕರೆಯುತ್ತಾರೆ.

ತೊಟ್ಟಿಗಳ ತಳದಲ್ಲಿ ಕೂಡುವ ಗಟ್ಟಿ ಕೆಸರಿಗೆ ಎಂಜಿನಿಯರುಗಳು 'ಸ್ಲಡ್ಜ್' ಎನ್ನುತ್ತಾರೆ. ನಾವು ಕೆಸರು ಎಂದೇ ಕರೆಯೋಣ. ನೀರೇನೋ ತಿಳಿಯಾಯಿತು. ಈ ಕೆಸರನ್ನು ಏನು ಮಾಡುವುದು?

ಕೆಸರಿನಲ್ಲಿ ಏನಿದೆ?

ಕೆಸರಿನಲ್ಲಿ ಮುಖ್ಯವಾಗಿ ಮೂರು ಬಗೆಯ ವಸ್ತುಗಳಿರುತ್ತವೆ.

ಒಂದು, ಗಿಡಗಳಿಗೆ ಬೇಕಾದ ಆಹಾರ. ನಾವು ತಿಂದ ಅನ್ನ, ಬೇಳೆ, ಸೊಪ್ಪುಗಳಲ್ಲಿದ್ದ ಸಾರಜನಕ, ರಂಜಕ ಮುಂತಾದವು ಇದರಲ್ಲಿವೆ. ಅವೆಲ್ಲ ಹೊಲದಿಂದ ಬಂದವು. ಹೊಲಕ್ಕೆ ಮರಳಿದರೆ ಒಳ್ಳೆಯದೇ.

ಎರಡು, ರೋಗಾಣುಗಳು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಸೂಕ್ಷ್ಮಜೀವಿಗಳೂ ಜಂತುಹುಳುಗಳ ಮೊಟ್ಟೆಗಳೂ ಇರಬಹುದು. ಜಂತುಹುಳುವಿನ ಮೊಟ್ಟೆ ಬಹಳ ಗಟ್ಟಿ. ಒದ್ದೆ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತದೆ.

ಮೂರು, ಲೋಹಗಳು ಮತ್ತು ರಾಸಾಯನಿಕಗಳು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ಪಾದರಸ ಮುಂತಾದ ಭಾರಲೋಹಗಳು ಇದರಲ್ಲಿ ಸೇರುತ್ತವೆ. ಇವು ನಮ್ಮ ಊಟದಿಂದ ಬಂದವಲ್ಲ. ಹೆಚ್ಚಾಗಿ ಕಾರ್ಖಾನೆ, ಗ್ಯಾರೇಜು, ಸಣ್ಣ ಕಾರ್ಯಾಗಾರಗಳಿಂದ ಚರಂಡಿಗೆ ಸೇರಿದವು.

ಈ ಮೂರರಲ್ಲಿ ಮೊದಲನೆಯದು ನಮಗೆ ಬೇಕು. ಎರಡನೆಯದನ್ನು ಕೊಲ್ಲಬೇಕು. ಮೂರನೆಯದನ್ನು ಏನು ಮಾಡಬೇಕು? ಅದನ್ನು ಕೊನೆಗೆ ನೋಡೋಣ.

ಲೋಕಕ್ಕೆ ಗೊತ್ತಿರುವ 'ಬೆಂಗಳೂರು ಪದ್ಧತಿ'

ರೋಗಾಣುಗಳನ್ನು ಕೊಲ್ಲಲು ಎರಡು ಒಳ್ಳೆಯ ಆಯುಧಗಳಿವೆ: ಬಿಸಿ ಮತ್ತು ಕಾಲ.

1939ರಲ್ಲಿ ಇದೇ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಗೊಬ್ಬರವಾಗಿಸುವ ಒಂದು ಕ್ರಮವನ್ನು ರೂಪಿಸಿದರು. ಕೃಷಿ ಪುಸ್ತಕಗಳಲ್ಲಿ ಅದಕ್ಕೆ 'ಬೆಂಗಳೂರು ಪದ್ಧತಿ' ಎಂದೇ ಹೆಸರು. ಸುಮಾರು ಒಂದು ಮೀಟರ್ ಆಳದ ಗುಂಡಿ ತೋಡಬೇಕು. ತಳದಲ್ಲಿ ಸುಮಾರು 15 ಸೆಂ.ಮೀ. ದಪ್ಪಕ್ಕೆ ಎಲೆ, ಕಸಕಡ್ಡಿ ಹರಡಬೇಕು. ಅದರ ಮೇಲೆ ಸುಮಾರು 5 ಸೆಂ.ಮೀ. ದಪ್ಪಕ್ಕೆ ಮಲ. ಮತ್ತೆ ಕಸ, ಮತ್ತೆ ಮಲ. ಹೀಗೆ ಗುಂಡಿ ತುಂಬಿದ ಮೇಲೆ ಮಣ್ಣಿನಿಂದ ಮುಚ್ಚಿಬಿಡಬೇಕು. 6ರಿಂದ 8 ತಿಂಗಳಲ್ಲಿ ಗೊಬ್ಬರ ಸಿದ್ಧ.

ಒಳಗೆ ಏನಾಗುತ್ತದೆ? ಸೂಕ್ಷ್ಮಜೀವಿಗಳು ಕಸವನ್ನು ತಿನ್ನುವಾಗ ಶಾಖ ಹುಟ್ಟುತ್ತದೆ. ತಿಪ್ಪೆಗುಂಡಿಯಿಂದ ಚಳಿಗಾಲದ ಬೆಳಿಗ್ಗೆ ಹಬೆ ಏಳುವುದನ್ನು ನೋಡಿದ್ದೀರಲ್ಲ? ಅದೇ ಶಾಖ. ದೊಡ್ಡ ಗುಂಡಿಯಲ್ಲಿ ಅದು 50ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲದು. ಆ ಬಿಸಿಗೆ ರೋಗಾಣುಗಳು ಸಾಯುತ್ತವೆ. ಬಿಸಿಗೆ ಸಾಯದೆ ಉಳಿದವು ತಿಂಗಳುಗಳು ಕಳೆದಂತೆ ನಾಶವಾಗುತ್ತವೆ. ಆದ್ದರಿಂದಲೇ ಅವಸರ ಮಾಡಬಾರದು. ಹಸಿ ಕೆಸರನ್ನು ನೇರವಾಗಿ ಸೊಪ್ಪಿನ ಮಡಿಗೆ ಹಾಕುವುದು ರೋಗವನ್ನು ಬಿತ್ತಿದ ಹಾಗೆ.

ಇಂದು ಶುದ್ಧೀಕರಣ ಘಟಕಗಳಲ್ಲಿ ಕೆಸರನ್ನು ಗಾಳಿಯಾಡದ ದೊಡ್ಡ ತೊಟ್ಟಿಯಲ್ಲಿ ಕೆಲವು ವಾರ ಕೊಳೆಸುತ್ತಾರೆ. ಆಗ ಅಡುಗೆ ಗೋಬರ್ ಅನಿಲದಂತೆ ಉರಿಯುವ ಅನಿಲವೂ ಸಿಗುತ್ತದೆ. ಅನಂತರ ಕೆಸರನ್ನು ಮರಳಿನ ಹಾಸಿನ ಮೇಲೆ ಹರಡಿ ಒಣಗಿಸುತ್ತಾರೆ.

ಒಳಚರಂಡಿ ಇಲ್ಲದ ಊರುಗಳಲ್ಲಿ ಮನೆಮನೆಗೂ ಪಾಯಿಖಾನೆ ಗುಂಡಿಗಳಿರುತ್ತವೆ. ಬೆಂಗಳೂರಿನ ಹತ್ತಿರದ ದೇವನಹಳ್ಳಿಯಲ್ಲಿ ಇಂಥ ಗುಂಡಿಗಳ ಕೆಸರಿಗಾಗಿಯೇ 2015ರಲ್ಲಿ ಒಂದು ಸಂಸ್ಕರಣಾ ಘಟಕ ಆರಂಭವಾಯಿತು. ಸಕ್ಕಿಂಗ್ ಲಾರಿ ಕೆಸರನ್ನು ಹೀರಿ ತರುತ್ತದೆ. ಅಲ್ಲಿ ಅದನ್ನು ಕೊಳೆಸಿ, ಒಣಗಿಸಿ, ಊರಿನ ಹಸಿ ಕಸದ ಜೊತೆ ಸೇರಿಸಿ ಗೊಬ್ಬರ ಮಾಡುವ ಏರ್ಪಾಡು ಮಾಡಲಾಯಿತು. ಬೆಂಗಳೂರು ಪದ್ಧತಿಯ ತತ್ವವೇ ಇಲ್ಲಿಯೂ ಇದೆ, ಅಲ್ಲವೇ?

ಸಾಯದ ವಿಷ

ಈಗ ಮೂರನೆಯ ವಸ್ತುವಿಗೆ ಬರೋಣ. ಬಿಸಿ ಮಾಡಿದರೆ ರೋಗಾಣು ಸಾಯುತ್ತದೆ. ಸೀಸ ಸಾಯುತ್ತದೆಯೇ? ಇಲ್ಲ. ಆರು ತಿಂಗಳು ಹೂತಿಟ್ಟರೆ ಕ್ಯಾಡ್ಮಿಯಂ ಕೊಳೆಯುತ್ತದೆಯೇ? ಇಲ್ಲ. ಲೋಹ ಒಂದು ಮೂಲವಸ್ತು. ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಲಾರವು. ಕೆಸರಿಗೆ ಸೇರಿದರೆ ಗೊಬ್ಬರಕ್ಕೆ, ಗೊಬ್ಬರದಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ನಮ್ಮ ದೇಹಕ್ಕೆ ಅದು ದಾಟುತ್ತಲೇ ಹೋಗುತ್ತದೆ.

ಜಪಾನಿನಲ್ಲಿ ಇದು ನಡೆದೇಹೋಯಿತು. ಅಲ್ಲಿಯ ಟೊಯಾಮ ಪ್ರಾಂತದಲ್ಲಿ ಜಿಂಜು ಎಂಬ ನದಿಯಿದೆ. ಮೇಲ್ಗಡೆಯ ಗಣಿಯೊಂದರಿಂದ ಕ್ಯಾಡ್ಮಿಯಂ ನದಿಗೆ ಸೇರುತ್ತಿತ್ತು. ಕೆಳಗಿನ ರೈತರು ಅದೇ ನೀರನ್ನು ಭತ್ತದ ಗದ್ದೆಗೆ ಹಾಯಿಸುತ್ತಿದ್ದರು. ಅದೇ ಅನ್ನ ಉಣ್ಣುತ್ತಿದ್ದರು. ವರ್ಷಗಳು ಕಳೆದಂತೆ ಅನೇಕರ, ಅದರಲ್ಲೂ ಹೆಂಗಸರ, ಮೂತ್ರಪಿಂಡಗಳು ಕೆಟ್ಟವು. ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ನೋವು ತಾಳಲಾರದೆ ಅವರು 'ಇಟಾಯಿ, ಇಟಾಯಿ' ಎಂದು ನರಳುತ್ತಿದ್ದರು. ಜಪಾನಿ ಭಾಷೆಯಲ್ಲಿ ಹಾಗೆಂದರೆ 'ನೋವು, ನೋವು' ಎಂದು. ಆ ರೋಗಕ್ಕೆ ಅದೇ ಹೆಸರಾಯಿತು. ಕ್ಯಾಡ್ಮಿಯಂ ಅದಕ್ಕೆ ಕಾರಣವೆಂದು ಜಪಾನ್ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಕೆಟ್ಟ ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 2012ರವರೆಗೂ ನಡೆಯಿತು! ಮಣ್ಣಿಗೆ ವಿಷ ಸೇರಿಸುವುದು ಸುಲಭ. ತೆಗೆಯುವುದು ಎಷ್ಟು ಕಷ್ಟ ನೋಡಿ.

ಬೈರಮಂಗಲದ ರೈತರು

ಈಗ ನಮ್ಮ ವೃಷಭಾವತಿಗೆ ಮರಳೋಣ. ಈ ನದಿಗೆ ಮನೆಗಳ ಕೊಳಚೆ ಮಾತ್ರ ಬರುವುದಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಕಡೆಯಿಂದಲೂ ನೀರು ಹರಿದು ಬಂದು ಸೇರುತ್ತದೆ. ಬೈರಮಂಗಲ ಕೆರೆಯ ನೀರಿನ ಮೇಲೆ ಬಿಳಿ ನೊರೆ ಏಳುವ ಚಿತ್ರವನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ನದಿಯ ನೀರನ್ನು ಪರೀಕ್ಷಿಸಿದ ಸಂಶೋಧಕರಿಗೆ ಅದರಲ್ಲಿ ಸೀಸ, ಕ್ರೋಮಿಯಂ, ನಿಕ್ಕಲ್ ಮುಂತಾದ ಲೋಹಗಳು ಸಿಕ್ಕಿವೆ.

ಈ ಕೆರೆಯ ಕೆಳಗಿನ ಅಚ್ಚುಕಟ್ಟಿನಲ್ಲಿ ಹಿಂದೆ ಭತ್ತ ಬೆಳೆಯುತ್ತಿದ್ದರು. ನೀರು ಕೆಟ್ಟ ಮೇಲೆ ಅನೇಕ ರೈತರು ಬೇಬಿ ಕಾರ್ನ್, ಹಿಪ್ಪುನೇರಳೆ, ಮೇವಿನ ಹುಲ್ಲಿಗೆ ತಿರುಗಿದರು. ಅವರಿಗೆ ವರ್ಷವಿಡೀ ನೀರೇನೋ ಸಿಗುತ್ತದೆ. ಗೊಬ್ಬರದ ಅಂಶವೂ ಅದರಲ್ಲಿದೆ. ಆದರೆ ಆ ನೀರಿನಲ್ಲಿ ಇಳಿದು ಕೆಲಸ ಮಾಡಿದರೆ ಮೈ ಕೆರೆತ. ಹುಲ್ಲು ಹಸುವಿನ ಹೊಟ್ಟೆಗೆ ಹೋಗುತ್ತದೆ. ಹಸುವಿನ ಹಾಲು ಎಲ್ಲಿಗೆ ಹೋಗುತ್ತದೆ? ಯೋಚಿಸಿ.

ತಪ್ಪು ರೈತರದಲ್ಲ. ಮೇಲ್ಗಡೆಯ ನಗರ ಒಂದೇ ಚರಂಡಿಯಲ್ಲಿ ಎಲ್ಲವನ್ನೂ ಬೆರೆಸಿ ಕಳಿಸಿತು. ಬೆರೆಸದೆ ಇದ್ದಿದ್ದರೆ ಅದು ಗೊಬ್ಬರವಾಗುತ್ತಿತ್ತು.

ಒಂದು ಚಮಚ ಎಷ್ಟು ಕೆಡಿಸುತ್ತದೆ?

ನಮ್ಮ ದೇಶದಲ್ಲಿ ನಗರದ ಕಸದಿಂದ ಮಾಡಿದ ಗೊಬ್ಬರಕ್ಕೆ ಮಿತಿಗಳಿವೆ. ಒಂದು ಕಿಲೋಗ್ರಾಂ ಗೊಬ್ಬರದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಸೀಸ 100 ಮಿಲಿಗ್ರಾಂ ಮೀರಬಾರದು.

ಲೆಕ್ಕ ಹಾಕೋಣ. ಒಂದು ಟನ್ ಎಂದರೆ 1000 ಕಿಲೋ. 1000 × 5 ಮಿಲಿಗ್ರಾಂ = 5000 ಮಿಲಿಗ್ರಾಂ, ಅಂದರೆ 5 ಗ್ರಾಂ. ಇದು ಒಂದು ಟೀ ಚಮಚ ಸಕ್ಕರೆಯ ತೂಕ! ಒಂದು ಟನ್ ಗೊಬ್ಬರಕ್ಕೆ ಅಷ್ಟಕ್ಕಿಂತ ಹೆಚ್ಚು ಕ್ಯಾಡ್ಮಿಯಂ ಸೇರಿದರೆ ಆ ಗೊಬ್ಬರವನ್ನು ಹೊಲಕ್ಕೆ ಹಾಕುವಂತಿಲ್ಲ. ಯಾರೋ ಒಬ್ಬರು 50 ಗ್ರಾಂ ಚರಂಡಿಗೆ ಬಿಟ್ಟು ಅದೆಲ್ಲ ಕೆಸರಿಗೆ ಸೇರಿದರೆ 10 ಟನ್ ಗೊಬ್ಬರ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ.

ಸಾವಿರಾರು ಮನೆಗಳ ಒಳ್ಳೆಯ ಕೆಸರನ್ನು ಒಬ್ಬರ ಉದಾಸೀನ ಕೆಡಿಸಿಬಿಡಬಹುದು.

ಕಾರ್ಖಾನೆಯ ಕೆಸರಿಗೆ ಬೇರೆ ದಾರಿ

ಸೈಕಲ್ಲಿನ ಹ್ಯಾಂಡಲ್ ಫಳಫಳ ಹೊಳೆಯುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಅದರ ಮೇಲೆ ನಿಕ್ಕಲ್, ಕ್ರೋಮಿಯಂ ಲೇಪಿಸಿರುತ್ತಾರೆ. ಹೀಗೆ ಲೇಪಿಸುವಾಗ ಲೋಹ ಬೆರೆತ ತೊಳೆನೀರು ಉಳಿಯುತ್ತದೆ. ಅದನ್ನು ಚರಂಡಿಗೆ ಬಿಡಬಾರದು. ಕಾರ್ಖಾನೆಯ ಒಳಗೇ ಸುಣ್ಣ ಮುಂತಾದವನ್ನು ಬೆರೆಸಿದರೆ ಲೋಹವು ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಇದು ಕಾರ್ಖಾನೆಯ ಕೆಸರು.

ಇದನ್ನು ಹೊಲಕ್ಕೂ ಹಾಕುವಂತಿಲ್ಲ, ಊರ ಕಸದ ರಾಶಿಗೂ ಸುರಿಯುವಂತಿಲ್ಲ. ಇದಕ್ಕೆ 'ಅಪಾಯಕಾರಿ ತ್ಯಾಜ್ಯ' ಎಂದು ಹೆಸರು. ದೇಶದಲ್ಲಿ ಇದಕ್ಕಾಗಿ 1989ರಲ್ಲೇ ನಿಯಮಗಳು ಬಂದವು. 2016ರಲ್ಲಿ ಹೊಸ ನಿಯಮಗಳು ಬಂದವು. ಕೆಸರನ್ನು ಒಣಗಿಸಿ, ಚೀಲಕ್ಕೆ ತುಂಬಿ, ಚೀಟಿ ಹಚ್ಚಿ, ಪರವಾನಗಿ ಇರುವ ಲಾರಿಯಲ್ಲಿ ಕಳಿಸಬೇಕು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಇಂಥ ತ್ಯಾಜ್ಯವನ್ನು ಹೂಳುವ ಜಾಗವಿದೆ. ಇಂಥ ಕಡೆ ಗುಂಡಿಯ ತಳಕ್ಕೆ ಜೇಡಿಮಣ್ಣು ಮತ್ತು ದಪ್ಪ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ. ವಿಷ ಜಿನುಗಿ ಬಾವಿ, ಬೋರ್‌ವೆಲ್‌ಗಳ ನೀರಿಗೆ ಸೇರದಿರಲಿ ಎಂದು ಈ ಎಚ್ಚರಿಕೆ. ಜಿನುಗಿದ ನೀರನ್ನೂ ಕೊಳವೆಗಳಿಂದ ಸಂಗ್ರಹಿಸಿ ಶುದ್ಧ ಮಾಡುತ್ತಾರೆ.

ಕಾರ್ಖಾನೆಗಳು ನಿಯಮ ಪಾಲಿಸುತ್ತಿವೆಯೇ ಎಂದು ನೋಡುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಲಸ. ಈ ಮಂಡಳಿ 1974ರಲ್ಲಿ ಸ್ಥಾಪನೆಯಾಯಿತು.

ಕೆಸರು ತೆಗೆಯುವವರ ಜೀವ

ಇನ್ನೊಂದು ಮಾತನ್ನು ಮರೆಯಬಾರದು. ಕೆಸರು ತಾನಾಗಿ ಮೇಲೆ ಬರುವುದಿಲ್ಲ. ಹಿಂದೆ ಬುಟ್ಟಿ, ಬಕೆಟ್ಟುಗಳಲ್ಲಿ ಮಲವನ್ನು ತಲೆಯ ಮೇಲೆ ಹೊರಿಸುವ ಕೆಟ್ಟ ಪದ್ಧತಿ ಇತ್ತು. ಅದನ್ನು ಹೊರುತ್ತಿದ್ದವರು ಕೆಲವೇ ಜಾತಿಗಳ ಬಡವರು. 1970ರ ದಶಕದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಈ ಪದ್ಧತಿಯನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿಯಾದ ಕಾನೂನು ತಂದಿತು. ರಕ್ಷಣಾ ಸಾಧನಗಳಿಲ್ಲದೆ ಯಾರನ್ನೂ ಮ್ಯಾನ್‌ಹೋಲ್‌ಗೆ, ಶೌಚಗುಂಡಿಗೆ ಇಳಿಸುವುದು ಅಪರಾಧ.

ಏಕೆ? ಮುಚ್ಚಿದ ಗುಂಡಿಯಲ್ಲಿ ಕೆಸರು ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಹೆಚ್ಚಾದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಕೆಲವೇ ಉಸಿರಿನಲ್ಲಿ ಮನುಷ್ಯ ಕುಸಿದು ಬೀಳಬಹುದು. ಕಾಪಾಡಲೆಂದು ಹಿಂದೆಯೇ ಇಳಿದವರೂ ಸತ್ತ ಉದಾಹರಣೆಗಳಿವೆ. ಈ ಕೆಲಸ ಯಂತ್ರದಿಂದಲೇ ಆಗಬೇಕು. ನೀವಂತೂ ತೆರೆದ ಮ್ಯಾನ್‌ಹೋಲ್ ಅಥವಾ ಗುಂಡಿಯೊಳಗೆ ಎಂದೂ ಬಗ್ಗಿ ನೋಡಬೇಡಿ. ಚೆಂಡು ಬಿದ್ದರೆ ಬೀಳಲಿ, ದೊಡ್ಡವರಿಗೆ ತಿಳಿಸಿ.

ನಾವೇನು ಮಾಡಬಹುದು?

• ಹಳೆಯ ಬ್ಯಾಟರಿ, ಬಣ್ಣದ ಡಬ್ಬಿ, ಒಡೆದ ಥರ್ಮಾಮೀಟರ್, ಅವಧಿ ಮುಗಿದ ಔಷಧಿಗಳನ್ನು ಬಚ್ಚಲಿಗೆ, ಕಕ್ಕಸಿಗೆ ಹಾಕಬಾರದು. ಹಸಿ ಕಸಕ್ಕೂ ಬೆರೆಸಬಾರದು. ಬೇರೆಯಾಗಿ ಕಟ್ಟಿ ಕಸ ಒಯ್ಯುವವರಿಗೆ ಹೇಳಿ ಕೊಡಬೇಕು.

• ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಅನ್ನು ಮೋರಿಗೆ ಸುರಿಯಬಾರದು. ಪರಿಚಯದ ಗ್ಯಾರೇಜಿನಲ್ಲಿ ಇದನ್ನು ತಿಳಿಸಿ.

• ಸೊಪ್ಪು, ತರಕಾರಿಯನ್ನು ಎರಡು ಮೂರು ಬಾರಿ ತೊಳೆದು ಬೇಯಿಸಿ ತಿನ್ನಬೇಕು. ಇದರಿಂದ ರೋಗಾಣುಗಳು ದೂರವಾಗುತ್ತವೆ. ಗಿಡದೊಳಗೆ ಸೇರಿದ ಲೋಹ ಮಾತ್ರ ತೊಳೆದರೆ ಹೋಗುವುದಿಲ್ಲ. ಆದ್ದರಿಂದ ಲೋಹವನ್ನು ಚರಂಡಿಗೆ ಬಿಡದಿರುವುದೇ ಉಪಾಯ.

• ಮಣ್ಣು, ಗೊಬ್ಬರ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ಹೊಲ, ತೋಟಕ್ಕೆ ಹೋಗುವಾಗ ಚಪ್ಪಲಿ ಹಾಕಿಕೊಳ್ಳಬೇಕು.

ಮಾಡಿ ನೋಡಿ

1. ಒಂದು ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ನೀರು ತುಂಬಿ. ಒಂದು ಹಿಡಿ ಮಣ್ಣು, ಎರಡು ಚಮಚ ಉಪ್ಪು ಹಾಕಿ ಚೆನ್ನಾಗಿ ಕುಲುಕಿ. ಮರುದಿನದವರೆಗೆ ಅಲುಗಿಸದೆ ಇಡಿ. ಮಣ್ಣು ತಳದಲ್ಲಿ ಕೂತಿರುತ್ತದೆ. ಮೇಲಿನ ನೀರನ್ನು ಮಡಿಸಿದ ಬಟ್ಟೆಯಲ್ಲಿ ಸೋಸಿ ತಟ್ಟೆಗೆ ಹಾಕಿ ಬಿಸಿಲಿನಲ್ಲಿಡಿ. ನೀರು ಆರಿದ ಮೇಲೆ ತಟ್ಟೆಯಲ್ಲಿ ಏನು ಉಳಿಯಿತು? ತಿಳಿಯಾದ ನೀರೆಲ್ಲ ಶುದ್ಧ ನೀರೇ? (ರುಚಿ ನೋಡಬೇಡಿ.)

2. ಶಾಲೆಯ ತೋಟದ ಮೂಲೆಯಲ್ಲಿ ಒಂದು ಅಡಿ ಆಳದ ಗುಂಡಿ ತೋಡಿ. ಒಣ ಎಲೆ, ಬಾಳೆಹಣ್ಣಿನ ಸಿಪ್ಪೆ, ಸ್ವಲ್ಪ ಸಗಣಿ ಹಾಕಿ. ಜೊತೆಗೆ ಒಂದು ಹಳೆಯ ನಾಣ್ಯ, ಒಂದು ಅಂಗಿಯ ಗುಂಡಿ ಇಡಿ. ಮಣ್ಣು ಮುಚ್ಚಿ ಗುರುತಿಗೆ ಕಡ್ಡಿ ನೆಡಿ. ಆಗಾಗ ನೀರು ಚಿಮುಕಿಸಿ. ಮೂರು ತಿಂಗಳ ನಂತರ ತೆಗೆದು ನೋಡಿ. ಯಾವುದು ಮಣ್ಣಾಯಿತು? ಯಾವುದು ಹಾಗೇ ಉಳಿಯಿತು? ಚರಂಡಿಯ ಕೆಸರನ್ನು ಮಾತ್ರ ಯಾವ ಪ್ರಯೋಗಕ್ಕೂ ಬಳಸಬೇಡಿ.

ಯೋಚಿಸಿ, ಉತ್ತರಿಸಿ

1. ಬೆಂಗಳೂರು ಪದ್ಧತಿಯ ಗುಂಡಿಯಲ್ಲಿ ರೋಗಾಣುಗಳು ಸಾಯುತ್ತವೆ, ಸೀಸ ಉಳಿಯುತ್ತದೆ. ಕಾರಣವೇನು?

2. ಒಂದು ಟ್ರ್ಯಾಕ್ಟರಿನಲ್ಲಿ 3 ಟನ್ ಗೊಬ್ಬರವಿದೆ. ನಿಯಮದ ಪ್ರಕಾರ ಅದರಲ್ಲಿ ಹೆಚ್ಚೆಂದರೆ ಎಷ್ಟು ಗ್ರಾಂ ಸೀಸ ಇರಬಹುದು?

3. ನಿಮ್ಮ ಶಾಲೆಯ ನೀರು ಎಲ್ಲಿಂದ ಬರುತ್ತದೆ? ಬಳಸಿದ ಮೇಲೆ ಯಾವ ಕಾಲುವೆ, ಕೆರೆ ಅಥವಾ ನದಿಗೆ ಹೋಗುತ್ತದೆ? ಹಿರಿಯರನ್ನು ಕೇಳಿ ಒಂದು ನಕ್ಷೆ ಬರೆಯಿರಿ. ಆ ನೀರಿನಿಂದ ಬೆಳೆ ಬೆಳೆಯುವವರು ಯಾರು ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ.